ಫೋಟೋಕ್ಕೆ ಯಾವ ಸೀರೆ?

ಹಿರಿಯರೊಬ್ಬರ ಷಷ್ಟ್ಯಬ್ದಿ ಹತ್ತಿರ ಬಂತೆಂದರೆ ಬಂಧುಬಳಗದ ವಾಟ್ಸಾಪ್ ಗುಂಪಿನಲ್ಲಿ ಒಂದು ಅಪ್ಪಣೆ ಹೊರಡುತ್ತದೆ. ಫ್ಯಾಮಿಲಿ ಫೋಟೋಕ್ಕೆ ಗಂಡಸರೆಲ್ಲ ಕೆನೆಬಣ್ಣದ ಜುಬ್ಬ, ಹೆಂಗಸರೆಲ್ಲ ಗಿಳಿಹಸಿರು ಸೀರೆ! ದೊಡ್ಡಮ್ಮನಿಗೆ ಗಿಳಿಹಸಿರು ಕಂಡರಾಗದು. ಚಿಕ್ಕಪ್ಪನ ಮನೆಯಲ್ಲಿ ಮಕ್ಕಳ ಫೀಸು ಕಟ್ಟಿ ಕೈ ಬರಿದಾಗಿದೆ. ಈಗ ಮನೆಮಂದಿಗೆಲ್ಲ ಹೊಸ ಬಟ್ಟೆಯೆಂದರೆ ಸಾಲವೇ ಗತಿ. ಆದರೂ ಎಲ್ಲರೂ ಹೆಬ್ಬೆರಳೆತ್ತಿದ ಚಿತ್ರ ಕಳಿಸಿ ಸುಮ್ಮನಾಗುತ್ತಾರೆ. ಶುಭಕಾರ್ಯದಲ್ಲಿ ಮನಸ್ತಾಪ ಯಾಕೆ ಅಂತ.

ಫೋಟೋಕ್ಕೆ ಏನು ತೊಡುವುದು ಎಂಬ ಪೇಚು ನಮ್ಮ ಹಿಂದಿನವರಿಗೂ ಇತ್ತು. ತಾಲ್ಲೂಕು ಊರುಗಳ ಹಳೆಯ ಸ್ಟುಡಿಯೋಗಳನ್ನು ನೆನಪಿಸಿಕೊಳ್ಳಿ. ಕಂಬ, ಮೆಟ್ಟಿಲು, ಹೂದೋಟ ಬರೆದ ಪರದೆ. ಪಕ್ಕದ ಕಿರುಕೋಣೆಯಲ್ಲಿ ಕನ್ನಡಿ, ಹಲ್ಲು ಮುರಿದ ಬಾಚಣಿಗೆ, ಪೌಡರ್ ಡಬ್ಬಿ, ಮೊಳೆಗೆ ನೇತುಹಾಕಿದ ಒಂದು ಕರಿ ಕೋಟು. ಊರಿನ ಎಷ್ಟೋ ಗಂಡುಗಳು ಅದೇ ಕೋಟು ತೊಟ್ಟು ಪಟವಾದವರು. ಸಡಿಲವಾದರೆ ಬೆನ್ನ ಹಿಂದೆ ಕ್ಲಿಪ್ಪು ಹಾಕಿ ಬಿಗಿ ಮಾಡುತ್ತಿದ್ದರು. ಮುಂದಿನಿಂದ ನೋಡಿದರೆ ಅಳತೆ ಕೊಟ್ಟು ಹೊಲಿಸಿದ ಹಾಗೆಯೇ. ಕೈಗಡಿಯಾರ ಇದ್ದವರು ಆ ಕೈಯನ್ನೇ ಮುಂದಿಟ್ಟು ಕೂರುತ್ತಿದ್ದರು. ಕೋಟಿನ ಕೆಳಗೆ ಪಂಚೆ, ಬರಿಗಾಲು. ಆ ಪಟಗಳನ್ನು ನೋಡಿ ಇಂದಿನ ಮಕ್ಕಳು ನಗುತ್ತಾರೆ. ನನಗೇಕೋ ನಗು ಬರುವುದಿಲ್ಲ. ವರ್ಷವಿಡೀ ಹೊಲದಲ್ಲಿ ದುಡಿದ ಮನುಷ್ಯ ಒಮ್ಮೆಯಾದರೂ ತನ್ನನ್ನು ಹೀಗೆ ನೋಡಿಕೊಳ್ಳಬೇಕೆಂದು ಬಯಸಿದ್ದ. ಕೋಟು ಎರವಲಿನದು, ಬಯಕೆ ಮಾತ್ರ ಸ್ವಂತದ್ದು.

ಆಗೆಲ್ಲ ಬಣ್ಣ ಆರಿಸಲು ಬೇರೆಯೇ ಕಾರಣವಿತ್ತು. ಹಳೆಯ ಫೋಟೋ ಪ್ಲೇಟುಗಳಿಗೆ ಕೆಂಪು ಕಾಣುತ್ತಿರಲಿಲ್ಲ. ಕೆಂಪು ಸೀರೆ ಕರಿಯದಾಗಿ, ಹಣೆಯ ಕುಂಕುಮ ಕಪ್ಪು ಬೊಟ್ಟಾಗಿ, ತಿಳಿನೀಲಿ ಬೆಳ್ಳಗಾಗಿ ಮೂಡುತ್ತಿತ್ತು. ಎಲ್ಲ ಬಣ್ಣಗಳನ್ನೂ ಗ್ರಹಿಸುವ ಫಿಲ್ಮು ಬಳಕೆಯಲ್ಲಿ ಹರಡಿದ್ದು 1920ರ ದಶಕದಿಂದೀಚೆಗೆ. ಇಂದಿನ ಮೊಬೈಲಿಗೆ ಅಂಥ ಕುರುಡಿಲ್ಲ. ಎಲ್ಲರೂ ಒಂದೇ ಬಣ್ಣ ತೊಡಬೇಕೆನ್ನುವುದು ನಮ್ಮದೇ ಹಟ.

ಮೈಮೇಲಿನ ಬಟ್ಟೆಯನ್ನು ಯಾರು ತೀರ್ಮಾನಿಸಬೇಕು? ಈ ದೇಶದಲ್ಲಿ ಇದು ಸಣ್ಣ ಪ್ರಶ್ನೆಯಾಗಿರಲಿಲ್ಲ. 1927ರ ಡಿಸೆಂಬರಿನಲ್ಲಿ ಇಂದಿನ ಮಹಾರಾಷ್ಟ್ರದ ಮಹಾಡದಲ್ಲಿ ಸತ್ಯಾಗ್ರಹಕ್ಕೆಂದು ಸೇರಿದ್ದ ದಲಿತ ಹೆಣ್ಣುಮಕ್ಕಳಿಗೆ ಡಾ. ಅಂಬೇಡ್ಕರ್ ಹೇಳಿದ ಮಾತುಗಳಲ್ಲಿ ಸೀರೆಯ ಮಾತೂ ಇತ್ತು. ನೋಡಿದೊಡನೆ ಜಾತಿ ಗೊತ್ತಾಗುವ ಉಡುಗೆ ಬಿಡಿ, ಮೈತುಂಬ ಸೀರೆ ಉಡಿ, ಗುರುತಿಗೆಂದೇ ಉಳಿದಿರುವ ಆ ಭಾರದ ಒಡವೆಗಳನ್ನು ತೆಗೆದಿಡಿ ಎಂದರು. 1934ರಲ್ಲಿ ಮುಂಬಯಿಯ ದಾದರಿನ ತಮ್ಮ ಮನೆ ರಾಜಗೃಹದಲ್ಲಿ ಅವರು ಕುಟುಂಬದೊಂದಿಗೆ ತೆಗೆಸಿಕೊಂಡ ಪಟವೊಂದು ಪ್ರಸಿದ್ಧವಾಗಿದೆ. ಪತ್ನಿ ರಮಾಬಾಯಿ, ಮಗ ಯಶವಂತ, ಅತ್ತಿಗೆ ಲಕ್ಷ್ಮೀಬಾಯಿ, ಅಣ್ಣನ ಮಗ ಮುಕುಂದ, ಜೊತೆಗೆ ಮುದ್ದಿನ ನಾಯಿ ಟಾಬಿ. ಮೇಲುನೋಟಕ್ಕೆ ಎಲ್ಲರ ಮನೆಯ ಪಟದಂತೆಯೇ ಇದೆ. ಮಹಾಡದ ಮಾತು ಗೊತ್ತಿದ್ದು ನೋಡಿದರೆ, ಆ ಇಬ್ಬರು ಹೆಂಗಸರ ಸೀರೆಯ ಮೇಲೆ ಕಣ್ಣು ನಿಲ್ಲುತ್ತದೆ.

ಇತ್ತ ನಮ್ಮ ಮನೆಗಳಲ್ಲಿ, ಗಂಡ ಸತ್ತ ಹೆಣ್ಣನ್ನು ಪಟದ ಹತ್ತಿರವೂ ಬಿಟ್ಟುಕೊಳ್ಳದ ಕಾಲವಿತ್ತು. ಈಗ ಅಜ್ಜಿಯನ್ನು ಕೈಹಿಡಿದು ತಂದು ನಡುವಿನ ಕುರ್ಚಿಯಲ್ಲೇ ಕೂರಿಸುತ್ತೇವೆ. ಸಂತೋಷ. ಆದರೆ ಕೂರಿಸುವ ಮುಂಚೆ "ಅಜ್ಜೀ, ಈ ಮಾಸಲು ಸೀರೆ ಬೇಡ, ಫೋಟೋದಲ್ಲಿ ಚೆನ್ನಾಗಿ ಕಾಣಲ್ಲ" ಎನ್ನುತ್ತೇವೆ. ಅದು ತೀರಿಹೋದ ತಮ್ಮ ಕೊನೆಯ ಗೌರಿಹಬ್ಬಕ್ಕೆ ಉಡಿಸಿದ್ದ ಸೀರೆಯಾಗಿರಬಹುದು. ಅವಳು ಹೇಳುವುದಿಲ್ಲ, ನಾವು ಕೇಳುವುದಿಲ್ಲ.

ಎಲ್ಲರೂ ಹೊಂದಿಕೊಂಡು ಉಟ್ಟರೆ ಚೆಂದ, ನಿಜ. ಒಂದು ಕೆಲಸ ಮಾಡಬಹುದು. ಅಪ್ಪಣೆ ಹೊರಡಿಸುವ ಮುಂಚೆ ಅಜ್ಜಿಯ ಟ್ರಂಕು ತೆಗೆಸಿ, ಯಾವುದು ಉಡುತ್ತೀಯ ಎಂದು ಕೇಳಿ. ಅವಳು ಕೈಯಿಟ್ಟ ಸೀರೆಗೆ ಉಳಿದವರು ತಮ್ಮ ಬೀರುವಿನಲ್ಲಿರುವುದನ್ನೇ ಹೊಂದಿಸಿಕೊಳ್ಳಲಿ. ಕ್ರಿಕೆಟ್ ಅಂಗಿಯನ್ನೇ ಹಾಕುತ್ತೇನೆಂದು ಪಟ್ಟು ಹಿಡಿದ ಮೊಮ್ಮಗನನ್ನು ಹಾಗೆಯೇ ಬಿಡಿ. ಬಣ್ಣ ಕೂಡುತ್ತಿಲ್ಲ ಎಂದು ಫೋಟೋಗ್ರಾಫರ್ ಗೊಣಗಬಹುದು. ಅವರಿಗೆ ಮೊದಲ ಪಂಕ್ತಿಯಲ್ಲೇ ಊಟ ಬಡಿಸಿಬಿಡಿ.