ಬಸುರಿಯ ಮೈ ಆಡಲಿ, ಕಾಯದಿರಲಿ



ಬಸುರಿ ಕೆಲಸ ಮಾಡಿದಷ್ಟೂ ಹೆರಿಗೆ ಸಲೀಸು ಎಂದು ನಮ್ಮ ಕಡೆ ಹಿರಿಯರು ಹೇಳುತ್ತಾರೆ. ಮೈ ಆಡಿಸಬೇಕು, ನಿಜ. ಆದರೆ ಮೈ ಆಡಿಸುವುದೇ ಬೇರೆ, ಮೈ ಕಾಯಿಸುವುದೇ ಬೇರೆ.

ಹೊಟ್ಟೆಯೊಳಗಿನ ಮಗು ಬೆವರಿ ತಂಪಾಗಲಾರದು. ಅದರ ಶಾಖ ಬಹುಪಾಲು ತಾಯಿಯ ರಕ್ತದ ಮೂಲಕವೇ ಹೊರಹೋಗಬೇಕು. ತಾಯಿಯ ಮೈ ಕಾದರೆ ಆ ದಾರಿ ಕಟ್ಟಿದಂತೆ. ಮೊದಲ ತಿಂಗಳುಗಳಲ್ಲಿ ತಾಯಿಯ ಮೈಶಾಖ 39 ಡಿಗ್ರಿ ಸೆಲ್ಸಿಯಸ್, ಅಂದರೆ ಸುಮಾರು 102 ಫ್ಯಾರನ್‌ಹೀಟ್ ದಾಟಿ ಹಾಗೇ ಉಳಿದರೆ, ಮಗುವಿನ ಮಿದುಳು ಮತ್ತು ಬೆನ್ನುಹುರಿಯ ಬೆಳವಣಿಗೆಗೆ ತೊಂದರೆಯಾಗಬಹುದು. ಅತಿ ಶಾಖಕ್ಕೂ ದಿನ ತುಂಬದ ಹೆರಿಗೆಗೂ ನಂಟಿದೆ.

ತೊಂದರೆಯಿಲ್ಲದ ಬಸುರಿ ವಾರಕ್ಕೆ 150 ನಿಮಿಷ ಹದವಾದ ವ್ಯಾಯಾಮ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ದಿನಕ್ಕೆ ಅರ್ಧ ಗಂಟೆಯಂತೆ ಐದು ದಿನ ನಡೆದರೆ ಸಾಕು. ಅಭ್ಯಾಸವಿಲ್ಲದವರು ಹತ್ತು ನಿಮಿಷದಿಂದ ಶುರು ಮಾಡಿ. ರಕ್ತಸ್ರಾವ, ಬಿ.ಪಿ., ಹೃದಯದ ಕಾಯಿಲೆ, ಮಾಸು ಕೆಳಗಿರುವುದು, ಅವಳಿ ಮಕ್ಕಳು, ಇವುಗಳಲ್ಲಿ ಯಾವುದಿದ್ದರೂ ಮೊದಲು ವೈದ್ಯರನ್ನು ಕೇಳಿ.

ನೆನಪಿಡಿ:

• ಬೆಳಿಗ್ಗೆ ಬೇಗ ಇಲ್ಲವೇ ಸಂಜೆ, ಸಮತಟ್ಟಾದ ದಾರಿಯಲ್ಲಿ ನಡೆಯಿರಿ. ಸಡಿಲವಾದ ಹತ್ತಿ ಬಟ್ಟೆ ಉಡಿ.
• ನಡೆಯುತ್ತಾ ಮಾತನಾಡಲು ಆಗಬೇಕು. ಏದುಸಿರು ಬಂದರೆ ನಿಲ್ಲಿಸಿ.
• ಬಾಯಾರುವವರೆಗೂ ಕಾಯದೆ ನೀರು, ಮಜ್ಜಿಗೆ ಕುಡಿಯಿರಿ.
• ಐದು ತಿಂಗಳ ನಂತರ ಅಂಗಾತ ಮಲಗಿ ವ್ಯಾಯಾಮ ಬೇಡ.
• ಸ್ನಾನಕ್ಕೆ ಸುಡುನೀರು ಬೇಡ, ಉಗುರುಬೆಚ್ಚಗಿರಲಿ.

ನಾಟಿ, ಕಳೆ ಕೆಲಸ ಮಾಡಿದ ದಿನ ಬೇರೆ ವ್ಯಾಯಾಮ ಬೇಕಿಲ್ಲ. ಅಂದು ಬೇಕಾದದ್ದು ನೆರಳು, ನೀರು, ವಿಶ್ರಾಂತಿ. ಶ್ರೀರಂಗಪಟ್ಟಣ, ಪಾಂಡವಪುರದ ಕಡೆ ಆಲೆಮನೆ ಕೆಲಸಕ್ಕೆ ಹೋಗುವವರು ಕೊಪ್ಪರಿಗೆಯ ಒಲೆಯ ಹತ್ತಿರ ನಿಲ್ಲಬೇಡಿ. ನಾಗಮಂಗಲ, ಕೆ.ಆರ್. ಪೇಟೆಯ ಬಯಲು ಹೊಲಗಳಲ್ಲಿ ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ಬಿಸಿಲಿಗಿಳಿಯಬೇಡಿ.

ಕೂಲಿ ಬಿಟ್ಟರೆ ಒಲೆ ಹೊತ್ತದ ಮನೆಗಳೂ ಇವೆ. ಅದಕ್ಕೇ ಈ ಮಾತು ಜೊತೆಗೆ ಬಂದವರಿಗೂ ಸೇರಿದ್ದು. ಯಜಮಾನರೇ, ಹುಲ್ಲಿನ ಹೊರೆ, ನೀರಿನ ಕೊಡ ನೀವು ಹೊರಿ. ಅತ್ತೆಯವರೇ, ಸೊಸೆ ಮಧ್ಯಾಹ್ನ ನೆರಳಲ್ಲಿ ಕುಳಿತರೆ ಸೋಮಾರಿ ಎನ್ನಬೇಡಿ. ಅವಳು ನಿಮ್ಮ ಮೊಮ್ಮಗುವನ್ನು ತಂಪಾಗಿಡುತ್ತಿದ್ದಾಳೆ.

ತಲೆಸುತ್ತು, ತಲೆನೋವು, ವಾಕರಿಕೆ ಬಂದರೆ ಕೆಲಸ ನಿಲ್ಲಿಸಿ, ನೆರಳಿನಲ್ಲಿ ಎಡಮಗ್ಗುಲಾಗಿ ಮಲಗಿಸಿ. ಒದ್ದೆ ಬಟ್ಟೆಯಿಂದ ಕುತ್ತಿಗೆ, ಕಂಕುಳು ಒರೆಸಿ, ಗಾಳಿ ಬೀಸಿ, ಗುಟುಕು ಗುಟುಕಾಗಿ ನೀರು ಕೊಡಿ. ಪ್ರಜ್ಞೆ ಮಂಕಾಗಿದ್ದರೆ ಬಾಯಿಗೆ ಏನೂ ಹಾಕಬೇಡಿ, ತಕ್ಷಣ 108ಕ್ಕೆ ಕರೆ ಮಾಡಿ. ರಕ್ತ ಅಥವಾ ನೀರು ಹೋದರೆ, ಎದೆ ನೋವು ಬಂದರೆ, ಹೊಟ್ಟೆ ಬಿಟ್ಟು ಬಿಟ್ಟು ಬಿಗಿದರೆ, ಮಗುವಿನ ಓಡಾಟ ಕಡಿಮೆಯಾದರೆ ಮನೆಯಲ್ಲಿ ಕಾಯದೆ ಆಸ್ಪತ್ರೆಗೆ ಬನ್ನಿ.

ಬರುವಾಗ ತಾಯಿ ಕಾರ್ಡ್ ಮರೆಯಬೇಡಿ. ಸಂದೇಹವಿದ್ದರೆ ಸಂಕೋಚಪಡದೆ ಕೇಳಿ.