ಫಿಲಡೆಲ್ಫಿಯಾ: ಒಂದು ಗಂಟೆ, ಒಂದು ಮನೆ, ಒಂದು ಮಂಟಪ

ಡೆಲವೇರ್ ನದಿಯ ದಂಡೆಯ ಫಿಲಡೆಲ್ಫಿಯಾ ನಗರವನ್ನು 1682ರಲ್ಲಿ ಸ್ಥಾಪಿಸಿದವನು ವಿಲಿಯಂ ಪೆನ್. ಕ್ವೇಕರ್ ಪಂಥದವನಾದ ಈತ ತನ್ನ ನಂಬಿಕೆಗಾಗಿ ಇಂಗ್ಲೆಂಡಿನಲ್ಲಿ ಸೆರೆವಾಸ ಅನುಭವಿಸಿದ್ದ. ಹಾಗಾಗಿ ತನ್ನ ವಸಾಹತಿನಲ್ಲಿ ಮತದ ಹೆಸರಿನಲ್ಲಿ ಯಾರಿಗೂ ಕಿರುಕುಳ ಆಗಬಾರದೆಂದು ಕಟ್ಟಳೆ ಮಾಡಿದ. ಅವನ ಕಾಲದಲ್ಲಿ ಅಳೆದು ಗುರುತಿಸಿದ ನೇರ ಬೀದಿಗಳು ನಗರದ ನಡುಭಾಗದಲ್ಲಿ ಇಂದಿಗೂ ಹಾಗೆಯೇ ಇವೆ.

ಈ ಬೀದಿಗಳಲ್ಲೊಂದಾದ ಚೆಸ್ಟ್‌ನಟ್ ಬೀದಿಯಲ್ಲಿದೆ ಇಂಡಿಪೆಂಡೆನ್ಸ್ ಹಾಲ್. ಕೆಂಪು ಇಟ್ಟಿಗೆಯ ಈ ಕಟ್ಟಡದ ಕೆಲಸ 1732ರಲ್ಲಿ ಆರಂಭವಾದದ್ದು ಪೆನ್ಸಿಲ್ವೇನಿಯಾ ವಸಾಹತಿನ ಶಾಸನಸಭೆಗಾಗಿ. ಇದರ ಸಭಾಂಗಣ ಅಷ್ಟೇನೂ ದೊಡ್ಡದಲ್ಲ. 1776ರ ಜುಲೈ 4ರಂದು ಸ್ವಾತಂತ್ರ್ಯ ಘೋಷಣೆಗೆ ಒಪ್ಪಿಗೆ ಸಿಕ್ಕಿದ್ದೂ, 1787ರ ಬೇಸಿಗೆಯಲ್ಲಿ ಅಮೆರಿಕದ ಸಂವಿಧಾನ ರೂಪುಗೊಂಡದ್ದೂ ಇಲ್ಲಿಯೇ. ಸಂವಿಧಾನ ಸಭೆಯಲ್ಲಿ ಜಾರ್ಜ್ ವಾಷಿಂಗ್ಟನ್ ಕುಳಿತಿದ್ದ, ಬೆನ್ನೊರಗಿನ ಮೇಲೆ ಅರ್ಧ ಸೂರ್ಯನನ್ನು ಕೆತ್ತಿದ ಕುರ್ಚಿ ಉಳಿದು ಬಂದಿದೆ. 1979ರಲ್ಲಿ ಯುನೆಸ್ಕೊ ಈ ಭವನವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಈ ಭವನದ ಗಂಟೆಯನ್ನು 1751ರಲ್ಲಿ ಲಂಡನ್ನಿನಿಂದ ತರಿಸಲು ಹೇಳಿಕಳಿಸಲಾಯಿತು. ಊರಿಗೆ ಬಂದ ಗಂಟೆ ಪರೀಕ್ಷೆಗೆಂದು ಬಾರಿಸಿದಾಗಲೇ ಸೀಳಿತು. ಪಾಸ್ ಮತ್ತು ಸ್ಟೋ ಎಂಬ ಸ್ಥಳೀಯ ಕುಶಲಕರ್ಮಿಗಳು ಅದನ್ನು ಕರಗಿಸಿ ಮತ್ತೆ ಎರಕ ಹೊಯ್ದರು. ನಾಡಿನವರೆಲ್ಲರಿಗೂ ಬಿಡುಗಡೆಯನ್ನು ಸಾರಿರೆಂಬ ಬೈಬಲ್ಲಿನ ಮಾತು ಅದರ ಮೇಲಿದೆ. 1830ರ ದಶಕದಲ್ಲಿ ಗುಲಾಮಗಿರಿಯ ವಿರುದ್ಧ ಹೋರಾಡುತ್ತಿದ್ದವರು ಈ ಮಾತನ್ನು ಓದಿ, 'ಎಲ್ಲರಿಗೂ' ಎಂದರೆ ಯಾರಿಗೆ ಎಂದು ದೇಶವನ್ನು ಕೇಳಿದರು. 'ಲಿಬರ್ಟಿ ಬೆಲ್' ಎಂಬ ಹೆಸರು ಜನರ ಬಾಯಿಗೆ ಬಂದದ್ದು ಅವರಿಂದ. 1846ರಲ್ಲಿ ವಾಷಿಂಗ್ಟನ್ನನ ಜನ್ಮದಿನದಂದು ಬಾರಿಸುವಾಗ, ಮತ್ತೆ ಎರಕ ಹೊಯ್ದ ಗಂಟೆಯಲ್ಲಿ ಮೂಡಿದ್ದ ಬಿರುಕು ಹಿಗ್ಗಿ, ಅದರ ನಾದ ನಿಂತುಹೋಯಿತು. ಸುಮಾರು 940 ಕಿಲೋ ತೂಗುವ ಆ ಗಂಟೆ ಈಗ ಗಾಜಿನ ಗೋಡೆಗಳ ಪ್ರತ್ಯೇಕ ಭವನದಲ್ಲಿದೆ.

ಆ ಭವನದ ಬಾಗಿಲ ಬಳಿಯೇ ಅಮೆರಿಕದ ಮೊದಲ ಇಬ್ಬರು ಅಧ್ಯಕ್ಷರು ವಾಸವಾಗಿದ್ದ ಮನೆಯ ನಿವೇಶನವಿದೆ. ಫಿಲಡೆಲ್ಫಿಯಾ ರಾಜಧಾನಿಯಾಗಿದ್ದಾಗ ವಾಷಿಂಗ್ಟನ್ ಒಂಬತ್ತು ಮಂದಿ ಗುಲಾಮರನ್ನು ಇಲ್ಲಿ ಇರಿಸಿಕೊಂಡಿದ್ದರು. ಹೊರಗಿನಿಂದ ಕರೆತಂದ ಗುಲಾಮರು ಪೆನ್ಸಿಲ್ವೇನಿಯಾದಲ್ಲಿ ಆರು ತಿಂಗಳು ನೆಲೆಸಿದರೆ ಬಿಡುಗಡೆ ಕೇಳಲು 1780ರ ಕಾನೂನಿನಲ್ಲಿ ಅವಕಾಶವಿತ್ತು. ಆ ಅವಧಿ ತುಂಬುವ ಮುನ್ನ ಅವರನ್ನು ರಾಜ್ಯದ ಗಡಿ ದಾಟಿಸಿ ಮತ್ತೆ ಕರೆತರಲಾಗುತ್ತಿತ್ತು. ಅವರಲ್ಲಿ ಓನಿ ಜಡ್ಜ್ ಎಂಬ ಯುವತಿ 1796ರಲ್ಲಿ, ಮನೆಯವರು ಊಟಕ್ಕೆ ಕುಳಿತಿದ್ದ ಹೊತ್ತಿನಲ್ಲಿ, ತಪ್ಪಿಸಿಕೊಂಡು ಹಡಗು ಹತ್ತಿ ನ್ಯೂ ಹ್ಯಾಂಪ್‌ಶೈರ್ ಸೇರಿದಳು. ಹಿಡಿದು ತರಿಸುವ ಪ್ರಯತ್ನಗಳು ನಡೆದರೂ ಆಕೆ ಮರಳಲಿಲ್ಲ. ಮನೆ ಎಂದೋ ನೆಲಸಮವಾಗಿತ್ತು. 2007ರಲ್ಲಿ ನೆಲ ಅಗೆದಾಗ ಅದರ ಅಡಿಪಾಯ ಕಾಣಿಸಿತು. ಆ ಒಂಬತ್ತು ಹೆಸರುಗಳನ್ನು ಕಲ್ಲಿನಲ್ಲಿ ಕೆತ್ತಿದ ಸ್ಮಾರಕ 2010ರಲ್ಲಿ ತೆರೆಯಿತು. ಇಂಡಿಪೆಂಡೆನ್ಸ್ ಹಾಲ್ ನೋಡಲು ಬಂದವರು ತಪ್ಪದೆ ನೋಡಬೇಕಾದ ಜಾಗವಿದು. ಇದನ್ನು ಬಿಟ್ಟರೆ ಗಂಟೆಯ ಕಥೆ ಅರ್ಧವೇ ತಿಳಿದಂತೆ.

ನಗರದ ನಟ್ಟನಡುವೆ ಸಿಟಿ ಹಾಲ್ ನಿಂತಿದೆ. 1871ರಲ್ಲಿ ಆರಂಭವಾದ ಅದರ ನಿರ್ಮಾಣಕ್ಕೆ ಮೂವತ್ತು ವರ್ಷ ಹಿಡಿಯಿತು. 167 ಮೀಟರ್ ಎತ್ತರದ ಗೋಪುರದ ತುದಿಯಲ್ಲಿ ಪೆನ್ನನ ಕಂಚಿನ ಪ್ರತಿಮೆಯಿದೆ. ಅವನ ಟೋಪಿಗಿಂತ ಎತ್ತರಕ್ಕೆ ಯಾರೂ ಕಟ್ಟಬಾರದೆಂಬ ಅಲಿಖಿತ ಒಪ್ಪಂದ 1980ರ ದಶಕದವರೆಗೂ ನಡೆಯಿತು.

ಇದೇ ನಗರದ ಈಸ್ಟರ್ನ್ ಸ್ಟೇಟ್ ಸೆರೆಮನೆ 1829ರಲ್ಲಿ ತೆರೆಯಿತು. ಕೈದಿಯನ್ನು ಒಂಟಿಯಾಗಿಟ್ಟರೆ ಪಶ್ಚಾತ್ತಾಪದಿಂದ ಬದಲಾಗುತ್ತಾನೆಂಬ ನಂಬಿಕೆ ಅದರ ಹಿಂದಿತ್ತು. 1842ರಲ್ಲಿ ಭೇಟಿಯಿತ್ತ ಚಾರ್ಲ್ಸ್ ಡಿಕನ್ಸ್ ಆ ಏಕಾಂತವನ್ನು ಕ್ರೂರವೆಂದು ಖಂಡಿಸಿದರು. 1971ರಲ್ಲಿ ಮುಚ್ಚಿದ ಸೆರೆಮನೆ ಈಗ ವಸ್ತುಸಂಗ್ರಹಾಲಯ.

ನಗರದ ಕಲಾ ವಸ್ತುಸಂಗ್ರಹಾಲಯದ ಬೀಜ 1876ರ ಸ್ವಾತಂತ್ರ್ಯ ಶತಮಾನೋತ್ಸವ ವಸ್ತುಪ್ರದರ್ಶನದಲ್ಲಿದೆ. ಅದರ ಮುಂದಿನ 72 ಮೆಟ್ಟಿಲುಗಳನ್ನು 'ರಾಕಿ' ಚಲನಚಿತ್ರ ಜಗತ್ತಿಗೆ ಪರಿಚಯಿಸಿತು. ಒಳಗಿರುವ ಹದಿನಾರನೆಯ ಶತಮಾನದ ಕಲ್ಲಿನ ಮಂಟಪ ಮಾತ್ರ ಮದುರೆಯದು. ಅಡೆಲಿನ್ ಪೆಪ್ಪರ್ ಗಿಬ್ಸನ್ ಎಂಬಾಕೆ 1912ರಲ್ಲಿ ಮದನಗೋಪಾಲಸ್ವಾಮಿ ದೇವಾಲಯದ ಬಳಿ ಬಿದ್ದಿದ್ದ ಕಂಬಗಳನ್ನು ಕೊಂಡು ಸಾಗಿಸಿದ್ದರು. ಭಾರತೀಯ ಶಿಲ್ಪದ ವಿದ್ವಾಂಸೆ ಸ್ಟೆಲ್ಲಾ ಕ್ರಾಮ್ರಿಷ್ 1954ರಿಂದ ಇಲ್ಲಿನ ಭಾರತೀಯ ಕಲಾ ವಿಭಾಗದ ಹೊಣೆ ಹೊತ್ತು, ಅದನ್ನು ಅಮೆರಿಕದ ಪ್ರಮುಖ ಸಂಗ್ರಹಗಳಲ್ಲಿ ಒಂದಾಗಿ ಬೆಳೆಸಿದರು.