ಕಾಡುಮೃಗಗಳೂ ಜಾನುವಾರುಗಳ ಅಂಟುಜಾಡ್ಯಗಳೂ



ದನಗಳಿಗೆ ಬೇನೆ ತಗಲಿದೊಡನೆ ಅದು ಕಾಡುಮೃಗಗಳಿಂದಲೇ ಬಂದಿತೆಂದು ಹೇಳುವುದು ವಾಡಿಕೆ. ಇದು ಅರ್ಧ ಮಾತ್ರ ಸತ್ಯ. ಒಂದೇ ಹುಲ್ಲುಗಾವಲಿನಲ್ಲಿ ಮೇದು ಒಂದೇ ಕೆರೆಯ ನೀರು ಕುಡಿಯುವಲ್ಲಿ ಜಾಡ್ಯವು ಕಾಡಿನಿಂದ ಕೊಟ್ಟಿಗೆಗೆ ಬರುವಂತೆಯೇ ಕೊಟ್ಟಿಗೆಯಿಂದ ಕಾಡಿಗೂ ಹೋಗುತ್ತದೆ.

ದೊಡ್ಡರೋಗದ ವೃತ್ತಾಂತವೇ ಇದಕ್ಕೆ ನಿದರ್ಶನ. ಜ್ವರ, ಬಾಯಿಹುಣ್ಣು, ದುರ್ಗಂಧದ ಭೇದಿ ಇವು ಅದರ ಲಕ್ಷಣಗಳು. ಅದನ್ನು ತಡೆಯುವ ಸೀರಂ ತಯಾರಿಸಲೆಂದೇ ಮೈಸೂರು ಸಂಸ್ಥಾನದವರು 1925ರಲ್ಲಿ ಹೆಬ್ಬಾಳದಲ್ಲಿ ಸೀರಂ ಇನ್‌ಸ್ಟಿಟ್ಯೂಟನ್ನು ಸ್ಥಾಪಿಸಿದರು. 1968ರಲ್ಲಿ ಈ ರೋಗವು ಬಂಡೀಪುರದ ಕಾಡನ್ನು ಹೊಕ್ಕು ಕಾಟಿಗಳ ಹಿಂಡುಗಳನ್ನು ನಾಶಮಾಡಿತು. ಆಫ್ರಿಕಾ ಖಂಡದ ಸೆರೆಂಗೆಟಿ ಬಯಲಿನಲ್ಲಾದರೋ, ಸುತ್ತಣ ದನಗಳಿಗೆ ಚುಚ್ಚುಮದ್ದು ಹಾಕಿದ ಮೇಲೆ 1960ರ ದಶಕದಲ್ಲಿ ಕಾಡುಮೃಗಗಳ ರೋಗವೂ ತಾನಾಗಿ ನಿಂತುಹೋಯಿತು. ಮೃಗಗಳಿಗೆ ಮದ್ದು ಹಾಕಿದವರಿಲ್ಲ. ಭಾರತದಲ್ಲಿ 1995ರ ತರುವಾಯ ಈ ರೋಗ ಕಾಣಿಸಲಿಲ್ಲ. 2011ರಲ್ಲಿ ಲೋಕದಿಂದಲೇ ಅಳಿಯಿತೆಂದು ಘೋಷಿತವಾಯಿತು. ದನಗಳನ್ನು ಕಾಪಾಡಿದುದರಿಂದ ಕಾಡೂ ಉಳಿಯಿತು.

ಈಗ ಉಳಿದಿರುವ ಶತ್ರು ಕಾಲುಬಾಯಿ ಜ್ವರ. ದನ, ಎಮ್ಮೆ, ಕುರಿ, ಮೇಕೆಗಳಿಗಲ್ಲದೆ ಜಿಂಕೆ, ಕಾಡುಹಂದಿ, ಕಾಟಿ ಮೊದಲಾದ ಸೀಳುಗೊರಸಿನ ಮೃಗಗಳಿಗೂ ಇದು ತಗಲುತ್ತದೆ. ನಾಲ್ಕು ತಿಂಗಳು ತುಂಬಿದ ಕರು ಮೊದಲ್ಗೊಂಡು ಎಲ್ಲ ದನ ಎಮ್ಮೆಗಳಿಗೂ ಆರು ತಿಂಗಳಿಗೊಮ್ಮೆ ಚುಚ್ಚುಮದ್ದು ಹಾಕಿಸತಕ್ಕದ್ದು. ಹಾಲು ಇಳಿದೀತೆಂದು ಕೆಲವರು ಹಿಂಜರಿಯುವುದುಂಟು. ಮದ್ದಿನಿಂದ ಇಳಿದ ಹಾಲು ಕೆಲವು ದಿನಗಳಲ್ಲಿ ಮರಳುತ್ತದೆ. ಬೇನೆಯಿಂದ ಇಳಿದ ಹಾಲು ಆ ಸೂಲಿನಲ್ಲಿ ಮರಳುವುದು ಅಪರೂಪ. ಹತ್ತು ಮನೆಯವರು ಹಾಕಿಸಿ ಹನ್ನೊಂದನೆಯವರು ಬಿಟ್ಟರೆ ಆ ಮನೆಯೇ ರೋಗಕ್ಕೆ ಬಾಗಿಲಾದೀತು. ಘಾಟಿ ಸುಬ್ರಹ್ಮಣ್ಯದ ಜಾತ್ರೆಯಿಂದ ಕೊಂಡುತಂದ ಎತ್ತುಗಳನ್ನು ಮೂರು ವಾರ ಬೇರೆ ಕಟ್ಟುವುದು ಕ್ಷೇಮ.

ಯಲಹಂಕ, ಹೆಸರುಘಟ್ಟದ ಕಡೆ ಬಯಲಿನಲ್ಲಿ ಮೇಯುವ ದನವನ್ನು ನರಿಯಾಗಲಿ ನಾಯಿಯಾಗಲಿ ಕಚ್ಚಿದರೆ, ಕೈಗೆ ಗವಸು ತೊಟ್ಟು ಗಾಯವನ್ನು ಸಾಬೂನು ನೀರಿನಿಂದ ಕಾಲು ಗಂಟೆ ತೊಳೆದು, ಅಂದೇ ಪಶುವೈದ್ಯರಿಗೆ ತಿಳಿಸಬೇಕು. ಮೇವು ಬಿಟ್ಟು ಜೊಲ್ಲು ಸುರಿಸುವ ದನದ ಗಂಟಲಲ್ಲಿ ಏನೋ ಸಿಕ್ಕಿದೆಯೆಂದು ಬಾಯೊಳಗೆ ಕೈಹಾಕಕೂಡದು. ಅದು ಹುಚ್ಚುರೋಗವಾಗಿದ್ದರೆ ಕೈಹಾಕಿದವನ ಪ್ರಾಣಕ್ಕೇ ಅಪಾಯ.

ಗ್ರಾಮದ ಮುಖಂಡರು ಮದ್ದು ಹಾಕುವ ದಿನವನ್ನು ಮುಂಚಿತವಾಗಿ ಸಾರಿಸಿ, ದನಗಳ ಪಟ್ಟಿಯನ್ನಿಟ್ಟು, ಒಂದೂ ತಪ್ಪದಂತೆ ನೋಡಿಕೊಳ್ಳಬೇಕು. ಕಾಡುಮೃಗವನ್ನು ಕಟ್ಟಿಹಾಕಿ ಮದ್ದು ಕೊಡಲಾಗದು; ಕೊಟ್ಟಿಗೆಯ ದನಕ್ಕೆ ಕೊಡಬಹುದು.